ಮಾಳಮ್ಮ ಮೆಂಬರ್ ಹೇಳಲಾರದ ಹೆಸರು

ವಾಡಿಗೂ ಶಹಾಬಾದಕ್ಕೂ ನಡುವೆ, ರೈಲಿನ ಸದ್ದು ಕೇಳುವಷ್ಟು ದೂರದಲ್ಲಿ ಒಂದು ಊರಿದೆ. ಅದರ ಹೆಸರು ಹೇಳುವುದಿಲ್ಲ. ಇಪ್ಪತ್ಮೂರು ವಾರ್ಡುಗಳ ಪುರಸಭೆ ಇರುವ ಊರಿನ ಹೆಸರು ಹೇಳಿದರೆ ಇಪ್ಪತ್ಮೂರು ಮಂದಿ ಮನೆ ಮುಂದೆ ಬಂದು ‘ಇದು ನನ್ನ ಮ್ಯಾಲೇ ಬರದದ್ದು’ ಎಂದು ಜಗಳ ತೆಗೆಯುತ್ತಾರೆ. ಯಾರ ಮೇಲೆ ಬರೆದಿಲ್ಲವೋ ಅವರು ಇನ್ನೂ ಜೋರಾಗಿ ತೆಗೆಯುತ್ತಾರೆ. ಅಲ್ಲದೆ ಈ ಕಥೆ ಒಂದು ಹೆಸರನ್ನು ಬಾಯಿಂದ ಆಡದೆ ಮೂವತ್ತೊಂದು ವರ್ಷ ಸಂಸಾರ ಮಾಡಿದ ಹೆಂಗಸಿನದು. ನಾವೂ ಒಂದು ಹೆಸರು ಬಿಟ್ಟರೆ ತಪ್ಪೇನಿಲ್ಲ.

ಮಾಳಮ್ಮ ಹುಟ್ಟಿದ್ದು ಚಿಂಚೋಳಿ ತಾಲೂಕಿನ ಕುಂಚಾವರಂ ಕಡೆಯ ಹಳ್ಳಿಯೊಂದರಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಹದಿನೆಂಟನೇ ವಯಸ್ಸಿಗೆ ಮದುವೆಯಾಗಿ ಈ ಊರಿನ ಹಳೆ ಖಣಿ ಓಣಿಗೆ ಬಂದಳು. ಸಿಟ್ಟು ಬಂದರೆ ತೆಲುಗಿನಲ್ಲಿ ಬೈಯುವ ರೂಢಿಯನ್ನು ತವರಿನಿಂದಲೇ ತಂದಿದ್ದಳು. ಓಣಿಯಲ್ಲಿ ಯಾರಿಗೂ ಅದು ಪೂರ್ತಿ ತಿಳಿಯುತ್ತಿರಲಿಲ್ಲವಾದ್ದರಿಂದ ಎಲ್ಲರೂ ತಮಗೇ ಬೈದಳೆಂದು ತಿಳಿದುಕೊಳ್ಳುತ್ತಿದ್ದರು. ಹನ್ನೆರಡು ವರ್ಷ ಫರಸಿ ಪಾಲಿಶ್ ಮಾಡುವ ಯಾರ್ಡಿನಲ್ಲಿ ದುಡಿದಳು. ನೆಲಕ್ಕೆ ಹಾಸುವ ಶಹಾಬಾದ ಕಲ್ಲಿಗೆ ನಮ್ಮಲ್ಲಿ ಫರಸಿ ಎನ್ನುತ್ತಾರೆ. ತಿರುಗುವ ಯಂತ್ರದ ಕೆಳಗೆ ನೀರು ಬಿಡುತ್ತ, ಕಲ್ಲಿನ ಹಿಟ್ಟನ್ನು ಬಳಿದು ಹಾಕುವುದು ಅವಳ ಕೆಲಸ. ಆ ಗದ್ದಲದಲ್ಲಿ ಮಾತಾಡಿ ಮಾತಾಡಿ ದನಿ ಎಷ್ಟು ದೊಡ್ಡದಾಗಿತ್ತೆಂದರೆ ಅವಳು ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತಿತ್ತು.

ಗಂಡನ ಹೆಸರು ಖಂಡೆಪ್ಪ. ಕಲ್ಲಿನ ದಲಾಲಿ ಮಾಡುತ್ತಿದ್ದುದರಿಂದ ಊರಿಗೆ ಫರಸಿ ಖಂಡೆಪ್ಪ. ಮಾಳಮ್ಮನಿಗೆ ಮಾತ್ರ ಅವನು ‘ಇವ್ರು’. ಗಂಡನ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ಅತ್ತೆ ಮೊದಲ ದಿನವೇ ಹೇಳಿದ್ದಳು. ಬಹಳ ಹೆಂಗಸರು ಇದನ್ನು ಪಾಲಿಸುತ್ತಾರೆ. ಮಾಳಮ್ಮ ಇನ್ನೂ ಮುಂದೆ ಹೋಗಿದ್ದಳು. ನಮ್ಮ ಕಡೆ ಮಾಂಸಕ್ಕೆ ಖಂಡ ಎನ್ನುತ್ತಾರೆ. ಆ ಶಬ್ದದಲ್ಲಿ ಅರ್ಧ ಗಂಡ ಇರುವುದರಿಂದ ಅದನ್ನೂ ಬಿಟ್ಟಳು. ಅಬ್ದುಲ್ ಗನಿಯ ಅಂಗಡಿಯ ಮುಂದೆ ನಿಂತು, “ಅದು ಅರ್ಧ ಕಿಲೋ ಕೊಡ್ರಿ” ಎನ್ನುತ್ತಿದ್ದಳು.

“ಅದು ಅಂದ್ರ ಯಾವ್ದು ಅಕ್ಕಾ? ಅಂಗಡ್ಯಾಗ ಇರೋದು ಒಂದೇ,” ಎಂದು ಗನಿ ದಿನಾ ಕಾಡಿಸುವನು.

“ಅದೇ ಕೊಡ್ರಿ.”

‘ಖಂಡಿತ’ ಎಂಬ ಮಾತನ್ನೂ ಅವಳು ಎಂದೂ ಆಡಲಿಲ್ಲ. ಹೀಗಾಗಿ, ಮುಂದೆ ರಾಜಕೀಯಕ್ಕೆ ಬಂದಾಗ ಇಡೀ ಜಿಲ್ಲೆಯಲ್ಲಿ ‘ಖಂಡಿತ ಮಾಡ್ತೀವಿ’ ಎನ್ನದ ರಾಜಕಾರಣಿ ಅವಳೊಬ್ಬಳೇ ಆದಳು.

ಫರಸಿ ಖಂಡೆಪ್ಪನಿಗೆ ಇದು ದೊಡ್ಡ ಹೆಮ್ಮೆ. ಬೇರೆ ಹೆಮ್ಮೆಗೆ ಹೆಚ್ಚು ಕಾರಣಗಳಿಲ್ಲದ್ದರಿಂದ ಇದನ್ನೇ ಹೋಟೆಲಿನಲ್ಲಿ ಕುಳಿತು ಹೇಳುತ್ತಿದ್ದ: “ನನ್ನ ಹೆಸ್ರು ಇವತ್ತಿನ ತನಕ ಆಕಿ ಬಾಯಾಗ ಬಂದಿಲ್ಲ. ದವಾಖಾನಿಯಾಗ ಕೇಳಿದ್ರೂ ಹೇಳಿಲ್ಲ. ಚೀಟಿ ಇಲ್ದೇ ವಾಪಸ್ ಬಂದಾಳ.”

ಇನ್ನು ಓಣಿಯ ಸಂಗತಿ. ಹಳೆ ಖಣಿ ಓಣಿಯಲ್ಲಿ ಎಲ್ಲಿ ಅಗೆದರೂ ಒಂದು ಮೊಳಕ್ಕೆ ಬಂಡೆ ಸಿಗುತ್ತದೆ. ಕಲ್ಲಿನ ವ್ಯಾಪಾರಿಗೆ ಇದು ಭಾಗ್ಯ. ಮನೆಗೊಂದು ಸಂಡಾಸ ಕಟ್ಟಿಸಲು ಗುಂಡಿ ತೋಡುವವನಿಗೆ ಶಾಪ. ಅದಕ್ಕೇ ಅಲ್ಲಿನ ಹೆಂಗಸರು ಬೆಳಕು ಹರಿಯುವ ಮೊದಲೇ ಚೊಂಬು ಹಿಡಿದು ಕಲ್ಲು ತೆಗೆದು ಬಿಟ್ಟುಹೋದ ಖಣಿಯ ಅಂಚಿಗೆ ಹೋಗುತ್ತಿದ್ದರು. ಮೂರು ವರ್ಷದ ಹಿಂದೆ ಪುರಸಭೆ ಅವರಿಗಾಗಿ ಹತ್ತು ಬಾಗಿಲಿನ ಹಳದಿ ಬಣ್ಣದ ಕಟ್ಟಡವೊಂದನ್ನು ಕಟ್ಟಿಸಿತು. ಕಟ್ಟಿಸಿದ ಮರುದಿನವೇ ಬೀಗ ಹಾಕಿತು.

ಕಾರಣ ತಿಳಿಯಬೇಕಾದರೆ ಊರಿನ ಎರಡು ಪಕ್ಷಗಳನ್ನು ತಿಳಿಯಬೇಕು. ಅವುಗಳ ದೊಡ್ಡ ಹೆಸರುಗಳು ಬೇರೆ. ಊರಲ್ಲಿ ಒಂದಕ್ಕೆ ಸ್ಟೇಷನ್ ಪಾರ್ಟಿ, ಇನ್ನೊಂದಕ್ಕೆ ಬಸ್‌ಸ್ಟ್ಯಾಂಡ್ ಪಾರ್ಟಿ ಎನ್ನುತ್ತಾರೆ. ಯಾರು ಎಲ್ಲಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಾರೋ ಅದರ ಮೇಲೆ. ಹಿಂದಿನ ಅವಧಿಯಲ್ಲಿ ಸ್ಟೇಷನ್ ಪಾರ್ಟಿಯ ಆಡಳಿತ. ಅಧ್ಯಕ್ಷ ರಮೇಶಕುಮಾರ. ಸಂಡಾಸವನ್ನು ಯಾರಾದರೂ ದೊಡ್ಡ ನಾಯಕರ ಕೈಯಿಂದಲೇ ಉದ್ಘಾಟಿಸಬೇಕೆಂದು ಅವನ ಹಟ. ಯಾವ ದೊಡ್ಡ ನಾಯಕರೂ ಸಂಡಾಸದ ಮುಂದೆ ಫೋಟೋ ತೆಗೆಸಿಕೊಳ್ಳಲು ದಿನಾಂಕ ಕೊಡಲಿಲ್ಲ. ಚಾವಿ ರಮೇಶಕುಮಾರನ ಸೊಂಟದ ಗೊಂಚಲಿನಲ್ಲೇ ಉಳಿಯಿತು. ಅಧಿಕಾರ ಹೋದ ಮೇಲೂ ಕೊಡಲಿಲ್ಲ.

ಬೀಗ ತೆಗೆದರೂ ನೀರಿರಲಿಲ್ಲ. ನೀರಿನ ಪೈಪು ಬಸ್‌ಸ್ಟ್ಯಾಂಡ್ ಪಾರ್ಟಿಯ ಮುಖಂಡನೊಬ್ಬನ ಪ್ಲಾಟಿನ ಮೂಲಕ ಬರಬೇಕು. ಅವನು ಬೋರ್‌ವೆಲ್ ಕೊರೆಸುವ ಗುತ್ತಿಗೆದಾರ. ತನ್ನ ಜಾಗದಲ್ಲಿ ಪೈಪಿಗೆ ಒಂದು ವಾಲ್ವು ಕೂಡಿಸಿ, ತಿರುಗಿಸಿ ಬಂದ್ ಮಾಡಿ, “ಉದ್ಘಾಟನಾ ಕಲ್ಲಿನ ಮ್ಯಾಲೆ ನನ್ನ ಹೆಸ್ರೂ ಕೊರಸ್ರಿ, ಆಮ್ಯಾಲೆ ನೀರು” ಎಂದು ಕುಳಿತಿದ್ದ. ಹೀಗೆ ಒಬ್ಬನ ಬಳಿ ಚಾವಿ, ಇನ್ನೊಬ್ಬನ ಬಳಿ ನೀರು, ಹೆಂಗಸರ ಬಳಿ ಚೊಂಬು.

ಈ ಬೋರ್‌ವೆಲ್ ಗುತ್ತಿಗೆದಾರನ ಹೆಸರೂ ಖಂಡೆಪ್ಪ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಮ್ಮಲ್ಲಿ ಓಣಿಗೆ ಇಬ್ಬರು ಖಂಡೆಪ್ಪಂದಿರು ಇರುತ್ತಾರೆ.

ಈ ಸಲ ಇಪ್ಪತ್ಮೂರನೇ ವಾರ್ಡು, ಅಂದರೆ ಹಳೆ ಖಣಿ ಓಣಿ, ಮಹಿಳೆಗೆ ಮೀಸಲಾಯಿತು. ಹತ್ತು ವರ್ಷದಿಂದ ತಾನೇ ನಿಲ್ಲಬೇಕೆಂದಿದ್ದ ಫರಸಿ ಖಂಡೆಪ್ಪ ಹೆಂಡತಿಗಾಗಿ ಬಸ್‌ಸ್ಟ್ಯಾಂಡ್ ಪಾರ್ಟಿಯ ಟಿಕೆಟ್ ಕೇಳಿದ. ಅವರು ಮುಖಂಡರ ಸಂಬಂಧಿ ಗುಂಡಮ್ಮನಿಗೆ ಕೊಟ್ಟರು. ಸಿಟ್ಟಿಗೆ ಹೆಂಡತಿಯನ್ನು ಪಕ್ಷೇತರಳಾಗಿ ನಿಲ್ಲಿಸಿದ. ಗುರುತು ಹೊಲಿಗೆ ಯಂತ್ರ. ಮನೆಮನೆಗೆ ಹೋಗಿ ಭಾಷಣ ಮಾಡಿದವನು ಅವನು. ಕೈ ಮುಗಿದು ನಿಂತವಳು ಅವಳು. ನೆರೆಮನೆಯ ಹಸೀನಾಬೇಗಂ ಮಾತ್ರ ಭಾಷಣವನ್ನು ಅರ್ಧಕ್ಕೆ ಕತ್ತರಿಸಿದಳು.

“ನಿನ್ನ ಗಂಡಂದು ಕೇಳಿದ್ವಿ, ಬಸ್, ಸಾಕಾಯ್ತು. ನೀ ಏನ್ ಮಾಡ್ತಿ, ಅದು ಹೇಳು.”

“ಸಂಡಾಸದ ಬೀಗ ತೆಗಸ್ತೀನಿ. ನೀರು ತರಸ್ತೀನಿ.”

“ಖಂಡಿತ?”

ಮಾಳಮ್ಮ “ಹೂಂ,” ಎಂದಳು.

ಆ ‘ಹೂಂ’ ಮೇಲೆ ನಾಲ್ಕು ವೋಟಿನಿಂದ ಗೆದ್ದಳು.

ಫಲಿತಾಂಶದ ದಿನ ಊರು ಮನುಷ್ಯರು ಇರುವ ಜಾಗದ ಹಾಗಿರಲಿಲ್ಲ. ಸ್ಟೇಷನ್ ಪಾರ್ಟಿ ಹನ್ನೊಂದು, ಬಸ್‌ಸ್ಟ್ಯಾಂಡ್ ಪಾರ್ಟಿ ಹನ್ನೊಂದು, ಹೊಲಿಗೆ ಯಂತ್ರ ಒಂದು. ಯಾರೂ ಗೆಲ್ಲದ್ದರಿಂದ ಇಬ್ಬರೂ ಗುಲಾಲು ಎರಚಿದರು. ಒಬ್ಬರ ಗುಲಾಲು ಇನ್ನೊಬ್ಬರ ಅಂಗಿಯ ಮೇಲೆ ಬಿದ್ದು ಹೊಡೆದಾಟವಾಯಿತು. ಅಣ್ಣ ತಮ್ಮಂದಿರು ಮಾತು ಬಿಟ್ಟರು. ಕಟಿಂಗ್ ಅಂಗಡಿಯಲ್ಲಿ ಒಬ್ಬನ ಗಡ್ಡ ಅರ್ಧ ಆಗಿದ್ದಾಗ ಫಲಿತಾಂಶ ಬಂತು. ಕತ್ತಿ ಹಿಡಿದವನು ಸ್ಟೇಷನ್, ಕುರ್ಚಿಯಲ್ಲಿದ್ದವನು ಬಸ್‌ಸ್ಟ್ಯಾಂಡ್. ಉಳಿದರ್ಧ ಗಡ್ಡವನ್ನು ಅವನು ವಾಡಿಗೆ ಹೋಗಿ ತೆಗೆಸಿಕೊಂಡ. ಸೋತ ಗುಂಡಮ್ಮ ಮಾಳಮ್ಮನ ಮನೆ ಮುಂದೆ ನಿಂತು ಮಣ್ಣು ತೂರಿ, “ನಿನ್ನ ಹೊಲಿಗಿ ಮಷಿನ್ನಿನ ಸೂಜಿ ಮುರೀಲಿ!” ಎಂದು ಶಪಿಸಿ ಹೋದಳು. ಮಾಳಮ್ಮ ತೆಲುಗಿನಲ್ಲಿ ಉತ್ತರ ಕೊಟ್ಟಳು.

ಫರಸಿ ಖಂಡೆಪ್ಪ ವಾರದೊಳಗೆ ಬಿಳಿ ಅಂಗಿ ಹೊಲಿಸಿ, ಕಾರ್ಡು ಅಚ್ಚು ಹಾಕಿಸಿದ. ‘ಖಂಡೆಪ್ಪ, ಪುರಸಭೆ ಸದಸ್ಯರ ಪತಿ’. ‘ಪುರಸಭೆ ಸದಸ್ಯ’ ಎಂಬುದು ಬೆರಳಿನಷ್ಟು ದಪ್ಪ. ‘ರ ಪತಿ’ ಎಂಬುದು ಇರುವೆಯ ಕಾಲಿನಷ್ಟು. ಕಣ್ಣಿಗೆ ಚಾಳೀಸು ಬಂದವರೆಲ್ಲ ಅವನನ್ನೇ ಮೆಂಬರ್ ಸಾಹೇಬರೆಂದು ಕರೆಯತೊಡಗಿದರು.

ಅಧ್ಯಕ್ಷ ಸ್ಥಾನದ ಮೀಸಲಾತಿ ನಿಕ್ಕಿಯಾಗಿ ಚುನಾವಣೆಯ ದಿನ ಬರಲು ಏಳು ತಿಂಗಳು ಹಿಡಿಯಿತು. ಅಷ್ಟೂ ದಿನ ಓಣಿ ಮಾಳಮ್ಮನನ್ನು ನೆಟ್ಟಗೆ ನೋಡಲಿಲ್ಲ. ಖಣಿಯ ಕಡೆ ಹೋಗುವ ಹೆಂಗಸರು ಅವಳ ಬಾಗಿಲ ಮುಂದೆ ಬೇಕೆಂದೇ ಚೊಂಬು ಕುಕ್ಕಿ, “ಸರೀರೇ, ಮೆಂಬರ್ ಮೇಡಂ ಬಂದ್ಲು, ಉದ್ಘಾಟನಾ ಮಾಡ್ತಾಳ” ಎನ್ನುವರು. ಮಳೆಗಾಲದಲ್ಲಿ ಮುದುಕಿ ಮರೆಮ್ಮ ಖಣಿಯ ಅಂಚಿನಲ್ಲಿ ಜಾರಿಬಿದ್ದು ತೊಡೆಯೆಲುಬು ಮುರಿದುಕೊಂಡಳು. ನೋಡಲು ಹೋದ ಮಾಳಮ್ಮನಿಗೆ ಮಂಚದ ಮೇಲಿಂದಲೇ, “ಬಂದ್ಯಾ? ನಾಕು ವೋಟ್ನ್ಯಾಗ ಒಂದು ನಂದು. ಅದು ತಿರುಗಿ ಕೊಡು” ಎಂದಳು. ಹಸೀನಾಬೇಗಂ ಮಾತು ಉಳಿಸಿಕೊಳ್ಳುವವಳಲ್ಲ. ಚುನಾವಣೆಯ ಹಿಂದಿನ ದಿನ ಬಂದು ಹೇಳಿದಳು:

“ನಾಳಿ ಮೀಟಿಂಗ್ ಅದ ಅಂತ ಕೇಳ್ದೆ. ನಾಳಿ ಬೀಗ ತೆಗೀಲಿಲ್ಲ, ನೀರು ಬರ್ಲಿಲ್ಲ ಅಂದ್ರ, ನಾಡದ ನಾವು ಖಣಿಗಿ ಹೋಗಲ್ಲ ಮಾಳಕ್ಕ.”

“ಮತ್ತ?”

“ನಿನ್ನ ಅಂಗಳಕ್ಕ ಬರ್ತೀವಿ. ಚೊಂಬು ತಗೊಂಡು. ಎಲ್ಲಾರೂ. ಹಗಲಿಗೇ.”

ಹಸೀನಾಬೇಗಂ ಹೇಳಿದರೆ ಮಾಡುತ್ತಾಳೆಂಬುದು ಮಾಳಮ್ಮನಿಗೆ ಗೊತ್ತಿತ್ತು. ಮೂವತ್ತೊಂದು ವರ್ಷದ ನೆರೆ.

ಈ ನಡುವೆ ಎರಡೂ ಪಾರ್ಟಿಗಳು ತಮ್ಮ ತಮ್ಮ ಸದಸ್ಯರನ್ನು ಬೇರೆಯವರು ಎಳೆದುಕೊಳ್ಳದಂತೆ ಊರು ಬಿಡಿಸಿದ್ದವು. ಸ್ಟೇಷನ್ ಪಾರ್ಟಿಯ ಹನ್ನೊಂದು ಮಂದಿ ಹೈದರಾಬಾದಿಗೆ. ಬಸ್‌ಸ್ಟ್ಯಾಂಡ್ ಪಾರ್ಟಿಯವರು ಸೋಲಾಪುರಕ್ಕೆ. ಮಾಳಮ್ಮನನ್ನು ಯಾರೂ ಒಯ್ಯಲಿಲ್ಲ. ಅವಳ ಗಂಡನನ್ನು ಸೋಲಾಪುರಕ್ಕೆ ಒಯ್ದರು. ಒಂಬತ್ತು ದಿನ ಉಂಡು, ಎಸಿಯಲ್ಲಿ ಮಲಗಿ, ಸ್ವಲ್ಪ ಬೆಳ್ಳಗಾಗಿ ತಿರುಗಿ ಬಂದ ಫರಸಿ ಖಂಡೆಪ್ಪ ಚಪ್ಪಲಿ ಬಿಡುವ ಮೊದಲೇ ಹುಕುಂ ಕೊಟ್ಟ.

“ನಾಳಿ ವೋಟು ಬೋರ್‌ವೆಲ್‌ಗೆ ಹಾಕು. ಮಾತು ಕೊಟ್ಟು ಬಂದೀನಿ.”

“ವಾಲ್ವು ತೆಗೀರಿ ಅಂತ ಕೇಳಿದ್ರೇನು?”

“ಏ, ಅದೆಲ್ಲ ಸಣ್ಣ ಮಾತು. ಸ್ಥಾಯಿ ಸಮಿತಿ ಅಧ್ಯಕ್ಷಗಿರಿ ನನಗ... ನಿನಗ ಕೊಡ್ತಾರ.”

“ನಾಡದ ಓಣಿ ಮಂದಿ ನಮ್ಮ ಅಂಗಳಕ್ಕ ಬರ್ತಾರಂತ.”

“ಸನ್ಮಾನಕ್ಕ ಬರ್ತಿರಬೇಕು. ಬರ್ಲಿ,” ಎಂದು ಅವನು ಕನ್ನಡಿಯ ಕಡೆ ಹೋದ.

ಗಂಡ ಹೆಂಡತಿ ಇಬ್ಬರೂ ‘ಬೋರ್‌ವೆಲ್’ ಎಂದೇ ಮಾತಾಡಿ ಮುಗಿಸಿದರು. ಅಡ್ಡಹೆಸರಿನ ಹಿಂದೆ ನಿಜವಾದ ಹೆಸರು ಅಡಗಿ ಕೂತಿರುವುದು ಇಬ್ಬರ ತಲೆಗೂ ಬರಲಿಲ್ಲ. ಬಸ್‌ಸ್ಟ್ಯಾಂಡ್ ಪಾರ್ಟಿಯ ಮುಖಂಡರಿಗೂ ಬರಲಿಲ್ಲ. ಅವರು ಒಂಬತ್ತು ದಿನ ಮಾತಾಡಿದ್ದು ಒಬ್ಬ ಗಂಡಸಿನ ಜೊತೆ. ಗಂಡಸಿಗೆ ತನ್ನ ಹೆಸರು ಹೇಳಲು ಯಾವ ಅಡ್ಡಿಯೂ ಇರುವುದಿಲ್ಲ.

ಚುನಾವಣಾಧಿಕಾರಿಯಾಗಿ ಬಂದವರು ತಹಶೀಲ್ದಾರ್ ಶೈಲಶ್ರೀ. ಮೈಸೂರು ಕಡೆಯವರು, ಹೊಸದಾಗಿ ಬಂದವರು, ನಿಯಮದ ಪುಸ್ತಕವನ್ನು ಬ್ಯಾಗಿನಲ್ಲೇ ಇಟ್ಟುಕೊಳ್ಳುವವರು. ಬೇರೊಂದು ಕಡೆ ಒಬ್ಬ ಸದಸ್ಯ ಇಬ್ಬರು ಅಭ್ಯರ್ಥಿಗಳಿಗೂ ಕೈ ಎತ್ತಿ, ಪ್ರಕರಣ ಒಂದು ವರ್ಷ ಕೋರ್ಟಿನಲ್ಲಿ ಕೊಳೆತದ್ದನ್ನು ಅವರು ಕಂಡಿದ್ದರು. ಅದಕ್ಕೇ ಹೇಳಿದರು: “ಬರೀ ಕೈ ಎತ್ತಿದರೆ ಆಗೋದಿಲ್ಲ. ಒಬ್ಬೊಬ್ಬರೇ ಎದ್ದು ನಿಂತು, ಅಭ್ಯರ್ಥಿಯ ಪೂರ್ತಿ ಹೆಸರನ್ನ, ತಂದೆ ಹೆಸರಿನ ಸಮೇತ, ಕ್ಯಾಮೆರಾ ಮುಂದೆ ಬಾಯಿಬಿಟ್ಟು ಹೇಳಬೇಕು. ಒಂದು ಗಂಟೆಗೆ ಮುಗೀಬೇಕು. ಮುಗೀದಿದ್ದರೆ ಸಭೆ ಮುಂದಕ್ಕೆ.”

ಮುಂದಕ್ಕೆ ಎಂದ ಕೂಡಲೇ ಎರಡೂ ಪಾರ್ಟಿಯವರು ಬೆವರಿದರು. ಮುಂದಕ್ಕೆ ಹೋದರೆ ಮತ್ತೆ ಹೈದರಾಬಾದು, ಮತ್ತೆ ಸೋಲಾಪುರ, ಮತ್ತೆ ಒಬ್ಬರನ್ನೊಬ್ಬರು ಕಾಯುವುದು.

ಅಭ್ಯರ್ಥಿಗಳು ಇಬ್ಬರು: ಸ್ಟೇಷನ್ ಪಾರ್ಟಿಯಿಂದ ರಮೇಶಕುಮಾರ, ಬಸ್‌ಸ್ಟ್ಯಾಂಡ್ ಪಾರ್ಟಿಯಿಂದ ಬೋರ್‌ವೆಲ್ ಖಂಡೆಪ್ಪ. ಶಾಸಕರದೊಂದು, ಸಂಸದರದೊಂದು ವೋಟು ಒಂದಕ್ಕೊಂದು ಸರಿಹೋದವು. ಇಪ್ಪತ್ತೆರಡು ವಾರ್ಡು ಮುಗಿಯುವ ಹೊತ್ತಿಗೆ ಹನ್ನೆರಡು, ಹನ್ನೆರಡು. ಗಡಿಯಾರದಲ್ಲಿ ಹನ್ನೆರಡೂವರೆ.

“ವಾರ್ಡ್ ಇಪ್ಪತ್ಮೂರು. ಮಾಳಮ್ಮನವರೇ, ನಿಮ್ಮ ಮತ ಯಾರಿಗೆ?”

ಮಾಳಮ್ಮ ಎದ್ದು ನಿಂತು ಬೋರ್‌ವೆಲ್ ಖಂಡೆಪ್ಪನ ಕಡೆ ಕೈ ತೋರಿಸಿದಳು.

“ಹಾಗೆ ಕೈ ತೋರಿಸಬಾರದು. ಹೆಸರು ಹೇಳಿ.”

“ಅವ್ರಿಗೇ ರೀ.”

“ಅವರು ಅಂದರೆ?”

ಮಾಳಮ್ಮ ಬಾಯಿ ತೆರೆದಳು. ಮುಚ್ಚಿದಳು. ಸೆರಗು ಎಳೆದುಕೊಂಡಳು. ಊರವರು ಈಗ ಇದನ್ನೆಲ್ಲ ಅವಳು ಮೊದಲೇ ಹೂಡಿದ ಆಟ ಎನ್ನುತ್ತಾರೆ. ಅಲ್ಲ. ಆ ಗಳಿಗೆಯಲ್ಲಿ ಅವಳು ನಿಜವಾಗಿಯೂ ಹೇಳಲಾರದೆ ನಿಂತಿದ್ದಳು. “ಅದು... ನಮ್ಮ ಮನಿಯವ್ರ ಹೆಸ್ರು ಆಗ್ತದ್ರಿ,” ಎಂದಳು.

ಸ್ಟೇಷನ್ ಪಾರ್ಟಿಯ ಹನ್ನೊಂದು ಬಾಯಿಗಳು ಒಟ್ಟಿಗೆ ನಕ್ಕವು.

“ಮೇಡಂ, ಕೈ ಎತ್ತಿದ್ದೇ ಸಾಕು, ಬರ್ಕೊಳ್ರಿ,” ಎಂದು ಬೋರ್‌ವೆಲ್ ಖಂಡೆಪ್ಪ ಎದ್ದ.

“ಹ್ಯಾಂಗ್ ಬರ್ಕೋತಾರ? ನಿಯಮ ಅಂದ್ರ ನಿಯಮ!” ಎಂದು ರಮೇಶಕುಮಾರ ಮೇಜು ಗುದ್ದಿದ. ಮೂರು ವರ್ಷ ಯಾವ ನಿಯಮಕ್ಕೂ ಚಾವಿ ಕೊಡದವನಿಗೆ ನಿಯಮದ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. “ಅಕ್ಕಾ, ನನ್ನ ಹೆಸ್ರು ಹೇಳ್ಲಿಕ್ಕ ನಿಮಗ ಏನೂ ಅಡ್ಡಿಲ್ಲ. ರಮೇಶಕುಮಾರ. ಅನ್ರಿ ನೋಡೂಣು. ಭಾಳ ಸಸಾರ ಅದ.”

“ಥೂ! ಹೆಣ್ಮಗಳ ಶಾಸ್ತ್ರದ ಮ್ಯಾಲೆ ರಾಜಕೀಯ ಮಾಡ್ತಿ?” ಎಂದು ಬೋರ್‌ವೆಲ್ ಖಂಡೆಪ್ಪ ಅವನ ಕಡೆ ತಿರುಗಿದ.

“ನೀ ಏನ್ ಮಾಡ್ದಿ? ಗಂಡಗ ಸೋಲಾಪುರ ತೋರ್ಸಿದಿ!”

ಕುರ್ಚಿಗಳು ಜರುಗಿದವು. ಒಬ್ಬ ಸದಸ್ಯನ ಕೊರಳ ಶಾಲು ಇನ್ನೊಬ್ಬ ಸದಸ್ಯನ ಕೈಗೆ ಬಂತು. ಕಿಟಕಿಯ ಹೊರಗೆ ಸಾಲಾಗಿ ನಿಂತಿದ್ದ ಸದಸ್ಯೆಯರ ಗಂಡಂದಿರು ಅಲ್ಲಿಂದಲೇ ಒಬ್ಬರ ಅಂಗಿ ಒಬ್ಬರು ಹಿಡಿದರು. ಮಾಳಮ್ಮ ಎಲ್ಲವನ್ನೂ ನೋಡಿದಳು. ಏಳು ತಿಂಗಳು ಅವಳ ಕಡೆ ಕಣ್ಣೆತ್ತಿ ನೋಡದವರು ಈಗ ಅವಳ ತುಟಿಯನ್ನೇ ನೋಡುತ್ತಿದ್ದರು. ಸುಮ್ಮನಿದ್ದರೆ ಇಷ್ಟು ಬೆಲೆ ಇದೆ ಎಂಬುದು ಅವಳಿಗೆ ಆಗ ತಿಳಿಯಿತು.

“ಮೇಡಂ, ಗಂಟಲಾ ಒಣಗ್ಯಾದ್ರಿ. ಹತ್ತು ಮಿನಿಟು ಹೊರಗ ನಿಂತು ಬರ್ಲೇನು?”

ಶೈಲಶ್ರೀ ಗಡಿಯಾರ ನೋಡಿ, “ಹದಿನೈದು ನಿಮಿಷ. ಅಷ್ಟೇ” ಎಂದರು.

ವರಾಂಡದಲ್ಲಿ ಮೊದಲು ಬಂದವನು ಗಂಡ. ಬಸ್‌ಸ್ಟ್ಯಾಂಡ್ ಪಾರ್ಟಿಯ ನಾಲ್ಕು ಮಂದಿ ಅವನನ್ನು ಹಿಂದಿನಿಂದ ನೂಕುತ್ತಿದ್ದರು. ಎಲ್ಲರಿಗೂ ಕೇಳುವಂತೆ ಎದೆ ತಟ್ಟಿ ಹೇಳಿದ: “ಹೇಳು! ನನ್ನ ಆಯುಷ್ಯ ಹೋದ್ರ ಹೋಗ್ಲಿ, ಪಾರ್ಟಿ ಉಳೀಲಿ!” ಆಮೇಲೆ ಬಗ್ಗಿ ಕಿವಿಯಲ್ಲಿ, “ಭಾಳ ಜೋರಂದು ಹೇಳಬ್ಯಾಡ” ಎಂದ.

“ಒಡಪು ಹಾಕಿ ಹೇಳ್ರಿ ಅಕ್ಕೋರೆ,” ಎಂದು ಒಬ್ಬ ಮುಖಂಡ ಉಪಾಯ ಸೂಚಿಸಿದ. ಮದುವೆಯಲ್ಲಿ ಹೆಂಡತಿಯರು ಪದ ಕಟ್ಟಿ, ಪ್ರಾಸದ ನಡುವೆ ಗಂಡನ ಹೆಸರನ್ನು ಜಾರಿಸಿ ಹೇಳುವ ಪದ್ಧತಿ ಅದು. “ಪದದಾಗ ಹೇಳಿದ್ರ ದೋಷ ಇಲ್ಲ.”

“ಒಡಪು ಗಂಡಗ ಹಾಕೋದು,” ಎಂದಳು ಮಾಳಮ್ಮ. “ಬೋರ್‌ವೆಲ್‌ಗೆ ಹಾಕ್ಲೇನು? ಕ್ಯಾಮೆರಾ ಮುಂದ? ನಾಳಿ ಊರು ಏನಂತದ?”

ಗಂಡ ಎರಡು ಹೆಜ್ಜೆ ಹಿಂದೆ ಹೋದ. ಆ ಸಂದಿನಲ್ಲಿ ರಮೇಶಕುಮಾರ ನುಗ್ಗಿದ.

“ಅಕ್ಕಾ, ನಂದು ಹೇಳಿಬಿಡ್ರಿ. ಏನ್ ಬೇಕು ಕೇಳ್ರಿ.”

“ಹೆಸ್ರು ಬಾಯಿಗಿ ಬರಬೇಕಂದ್ರ ಚಾವಿ ಕೈಗಿ ಬರಬೇಕ್ರಿ.”

“ಗೆದ್ದ ಮ್ಯಾಲೆ, ಬ್ಯಾಂಡ್ ಹಚ್ಚಿ...”

“ಆಯ್ತು ಬಿಡ್ರಿ.” ಅವಳು ಕಂಬಕ್ಕೆ ಒರಗಿ ಬಾಯಿ ಮುಚ್ಚಿದಳು.

ರಮೇಶಕುಮಾರ ಗಡಿಯಾರ ನೋಡಿದ. ಆ ಕಡೆಯ ಹೆಸರು ಅವಳ ಬಾಯಲ್ಲಿ ಬರುವಂತಿಲ್ಲ, ಇನ್ನು ಉಳಿದದ್ದು ತನ್ನದೇ ಎಂದು ಲೆಕ್ಕ ಹಾಕಿದ. ಗೊಂಚಲಿನಿಂದ ಒಂದು ಚಾವಿ ಬಿಚ್ಚಿ ಅವಳ ಅಂಗೈಗೆ ಹಾಕಿದ. ಅವಳು ಅದನ್ನು, ಬೀಗದ ಸುದ್ದಿ ಕಾಯುತ್ತ ಮೆಟ್ಟಿಲ ಮೇಲೆ ಕೂತಿದ್ದ ಹಸೀನಾಬೇಗಂ ಕಡೆ ಎಸೆದಳು. ಹಸೀನಾಬೇಗಂ ಬುರಖಾ ಎತ್ತಿ ಹಿಡಿದು ಅಬ್ದುಲ್ ಗನಿಯ ಮೋಟಾರ್‌ಸೈಕಲ್ಲಿನ ಹಿಂದೆ ಕುಳಿತದ್ದನ್ನು ಎರಡೂ ಪಾರ್ಟಿಯವರು ನೋಡಿದರು.

ಚಾವಿ ಹೋದದ್ದನ್ನು ಕಂಡು ಬೋರ್‌ವೆಲ್ ಖಂಡೆಪ್ಪ ಓಡಿ ಬಂದ.

“ಏನಬೇ ಇದು, ನಿನ್ನ ಗಂಡ ಮಾತು ಕೊಟ್ಟಾನ!”

“ಅವ್ರು ಕೊಟ್ಟಾರ. ನಾ ಕೊಟ್ಟಿಲ್ಲ. ನಿಮ್ಮ ವಾಲ್ವು ಬಂದ್ ಅದ, ನನ್ನ ಬಾಯಿ ಬಂದ್ ಅದ. ಎರಡೂ ಒಮ್ಮಿಗೇ ತೆಗೀತಾವ.”

ಬೋರ್‌ವೆಲ್ ಖಂಡೆಪ್ಪ ಅವಳಿಗೂ, ಅವಳ ಗಂಡನಿಗೂ, ಮೈಸೂರು ಕಡೆಯವರಿಗೂ ಒಂದೊಂದು ಬೈಗುಳ ಹಾಕಿ, ಫೋನ್ ತೆಗೆದು ತಮ್ಮನಿಗೆ ಕೂಗಿದ: “ಧರ್ಮಣ್ಣ! ಪ್ಲಾಟಿನ್ಯಾಗ ವಾಲ್ವು ತಿರುವು! ಯಾಕ ಕೇಳಬ್ಯಾಡ, ತಿರುವು! ಪೂರಾ!”

ಐದು ನಿಮಿಷಕ್ಕೆ ಮಾಳಮ್ಮನ ಫೋನ್ ಬಡಿಯಿತು. ಹಸೀನಾಬೇಗಂ. ಮಾಳಮ್ಮ ಸ್ಪೀಕರ್ ಹಾಕಿದಳು. ಮೊದಲು ನಳ ಕೆಮ್ಮುವ ಸದ್ದು, ಆಮೇಲೆ ಗಾಳಿ, ಆಮೇಲೆ ಬಕೆಟ್ಟಿನ ತಳಕ್ಕೆ ನೀರು ಬೀಳುವ ಸದ್ದು. “ಕೆಂಪು ಬರಲಿಕತ್ತದ,” ಎಂದಳು ಹಸೀನಾಬೇಗಂ. “ತಡಿ. ಈಗ ಬಿಳಿ ಬರಲಿಕತ್ತದ.”

ಮಾಳಮ್ಮ ಸೆರಗು ಸಿಕ್ಕಿಸಿ ಒಳಗೆ ಹೋದಳು. ಒಂದು ಗಂಟೆಗೆ ನಾಲ್ಕು ನಿಮಿಷ ಇತ್ತು. ರಮೇಶಕುಮಾರ ಹಾರದ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಮುಗುಳ್ನಗುತ್ತ ಕೂತಿದ್ದ.

“ಹೇಳಿ.”

“ಖಂಡೆಪ್ಪ!” ಎಂದಳು ಮಾಳಮ್ಮ. “ಖಂಡೆಪ್ಪ ತಂದಿ ಸೂಗಪ್ಪ.”

ಪಾಲಿಶ್ ಯಂತ್ರದ ಮುಂದೆ ಬೆಳೆದ ದನಿ. ಕಿಟಕಿಯ ಗಾಜು ನಡುಗಿತು. ಹೊರಗೆ ಫರಸಿ ಖಂಡೆಪ್ಪ ತನ್ನನ್ನೇ ಕರೆದಳೆಂದು ಗಾಬರಿಯಾಗಿ “ಆಂ?” ಎಂದ. ಅದೂ ಕ್ಯಾಮೆರಾದಲ್ಲಿ ದಾಖಲಾಯಿತು.

ಪುರಸಭೆಯ ಆಡಳಿತ ಆ ಒಂದು ಶಬ್ದಕ್ಕೆ ಸ್ಟೇಷನ್ ಬಿಟ್ಟು ಬಸ್‌ಸ್ಟ್ಯಾಂಡಿಗೆ ಹೋಯಿತು.

“ಮೋಸ!” ಎಂದು ರಮೇಶಕುಮಾರ ಎದ್ದು ನಿಂತ. “ಚಾವಿ ಇಸ್ಕೊಂಡು ನನ್ನ ಹೆಸ್ರು ಹೇಳ್ತೀನಿ ಅಂದಿದ್ಳು!”

“ಹೇಳ್ತೀನಿ ಅಂದಿಲ್ರಿ. ಬಾಯಿಗಿ ಬರಬೇಕಂದ್ರ ಅಂದಿದ್ದೆ. ಬರ್ಲಿಲ್ಲ.”

ಅವಳ ಲೆಕ್ಕ ಸರಳವಾಗಿತ್ತು. ಆಮೇಲೆ ಹಸೀನಾಬೇಗಂಗೆ ಅದನ್ನು ಹೇಳಿದಳು: ಚಾವಿ ಒಮ್ಮೆ ಕೈಗೆ ಬಂದರೆ ಬಂತು. ನೀರು ದಿನಾ ಬೇಕು. ವಾಲ್ವು ಅವನ ಪ್ಲಾಟಿನಲ್ಲಿದೆ. ಅಧ್ಯಕ್ಷನಾಗಿ ಕುಳಿತವನು ತನ್ನದೇ ಪುರಸಭೆಯ ನೀರು ಕಟ್ಟಿದರೆ ಜನ ಅವನ ಕುರ್ಚಿಗೇ ಬರುತ್ತಾರೆ. ಸೋತು ಮನೆಯಲ್ಲಿ ಕುಳಿತವನು ಸಿಟ್ಟಿಗೆ ಇನ್ನೂ ಮೂರು ವರ್ಷ ಕಟ್ಟುತ್ತಾನೆ.

“ಮತ್ತ ನಿನ್ನ ಗಂಡನ ಆಯುಷ್ಯ?” ಎಂದು ಹಸೀನಾಬೇಗಂ ಕೇಳಿದಳು.

“ಮರೆಮ್ಮನ ತೊಡಿ ಮುರೀತಲ್ಲ, ಆಕಿ ಯಾರ ಹೆಸ್ರು ಹೇಳಿದ್ಳು?”

ಆಯುಷ್ಯದ ವಿಷಯದಲ್ಲಿ ಫರಸಿ ಖಂಡೆಪ್ಪ ಅಷ್ಟು ಧೈರ್ಯವಾಗಿರಲಿಲ್ಲ. ಅದೇ ಸಂಜೆ ಎದೆಯಲ್ಲಿ ಏನೋ ಆಗುತ್ತಿದೆ ಎಂದು ಶಹಾಬಾದಿಗೆ ಹೋಗಿ ಇಸಿಜಿ ಮಾಡಿಸಿಕೊಂಡ. ಡಾಕ್ಟರು ಗ್ಯಾಸ್ ಎಂದರು. ಸೋಲಾಪುರದ ಊಟದ್ದು. ಮನೆಗೆ ಬಂದು ಹೆಂಡತಿಯ ಮುಂದೆ ಕುದಿದ.

“ಇಡೀ ಊರ ಮುಂದ ನನ್ನ ಹೆಸ್ರು ಒದರಿದಿ. ಹೋಟೆಲ್ನ್ಯಾಗ ಮಂದಿ ನನಗ ನೋಡಿ ‘ಆಂ?’ ಅನ್ನಾಕತ್ತಾರ!”

“ನೀವೇ ಹಾಕು ಅಂದ್ರಿ, ಹಾಕ್ದೆ.”

“ಹಾಕು ಅಂದೆ. ಒದರು ಅಂದಿಲ್ಲ.”

“ನಿಮಗ ಕರದಿಲ್ಲ ಬಿಡ್ರಿ. ನೀವ್ಯಾಕ ಆಂ ಅಂದ್ರಿ?”

ಅವನು ಮಾತು ಬಿಟ್ಟ. ಹೊಸ ಅಧ್ಯಕ್ಷನೂ ಮಾತು ಬಿಟ್ಟ. ಸ್ಥಾಯಿ ಸಮಿತಿ ಗುಂಡಮ್ಮನ ಮೈದುನನಿಗೆ ಹೋಯಿತು. ಸ್ಟೇಷನ್ ಪಾರ್ಟಿಯವರು ಮಾಳಮ್ಮನ ಮೇಲೆ ತಹಶೀಲ್ದಾರರಿಗೆ ಮೂರು ಅರ್ಜಿ ಕೊಟ್ಟರು. ಓಣಿಯ ಹೆಂಗಸರೂ ಅವಳನ್ನು ಹೊಗಳಲಿಲ್ಲ. ಹತ್ತು ಬಾಗಿಲು ಸಾಲುವುದಿಲ್ಲವೆಂದು ಎರಡನೇ ದಿನವೇ ಜಗಳ ತೆಗೆದರು.

ಆ ಭಾನುವಾರ ಬೆಳಿಗ್ಗೆ ಬೋರ್‌ವೆಲ್ ಖಂಡೆಪ್ಪ ಬ್ಯಾಂಡು, ಫೋಟೋಗ್ರಾಫರ್, ಕೆಂಪು ರಿಬ್ಬನ್, ಕತ್ತರಿ ಇಟ್ಟ ಬೆಳ್ಳಿ ತಟ್ಟೆಯೊಂದಿಗೆ ಹಳೆ ಖಣಿ ಓಣಿಗೆ ಬಂದ. ಸಂಡಾಸ ಉದ್ಘಾಟನೆ. ಮೂರು ವರ್ಷ ತಪ್ಪಿದ್ದು ತನ್ನ ಕೈಯಿಂದಲೇ ಆಗಲಿ ಎಂದು. ಹಿಂದೆ ಅರವತ್ತು ಮಂದಿ. ಮಾತು ಬಿಟ್ಟಿದ್ದರೂ ಫೋಟೋ ಬಿಡಲಾರದ ಫರಸಿ ಖಂಡೆಪ್ಪ ಬಿಳಿ ಅಂಗಿಯಲ್ಲಿ ಅಧ್ಯಕ್ಷನ ಬಲಕ್ಕೆ ಬಂದು ನಿಂತಿದ್ದ.

ಹೊಸಿಲಿಗೆ ಅಡ್ಡವಾಗಿ ಮಾಳಮ್ಮ ನಿಂತಿದ್ದಳು. ಒಳಗೆ ಹತ್ತೂ ಬಾಗಿಲು ಚಿಲಕ ಹಾಕಿತ್ತು. ನಳ ಸುರಿಯುತ್ತಿತ್ತು. ಹೊರಗೆ ಹದಿನಾರು ಹೆಂಗಸರ ಸಾಲು. ಮರೆಮ್ಮನನ್ನು ಕುರ್ಚಿ ಸಮೇತ ಎತ್ತಿ ತಂದು ಎಲ್ಲರಿಗಿಂತ ಮುಂದೆ ಇಟ್ಟಿದ್ದರು.

“ಸರಿ ಸರಿ, ರಿಬ್ಬನ್ ಕಟ್ಟಬೇಕು,” ಎಂದು ಅಧ್ಯಕ್ಷ ಕತ್ತರಿ ಎತ್ತಿಕೊಂಡು ಮುಂದೆ ಬಂದ. ಬ್ಯಾಂಡಿನವರು ಶುರು ಮಾಡಿದರು.

“ಒಳಗ ಹೆಣ್ಮಕ್ಕಳು ಅದಾರ,” ಎಂದಳು ಮಾಳಮ್ಮ. “ಖಂಡೆಪ್ಪ, ಹಿಂದಕ್ಕ ಸರಿ!”

ಇಬ್ಬರೂ ಸರಿದರು.